ಹುಳದ ಮನೆಯಲ್ಲಿಟ್ಟ ಬಿಸಿಲು

ನಮ್ಮ ಕಾರು ಹಗಲು ಹೊತ್ತು ಮನೆಯಲ್ಲಿರುವುದಿಲ್ಲ. ಬಿಸಿಲು ರಾತ್ರಿ ಹೊತ್ತು ಇರುವುದಿಲ್ಲ. ಆ ಪೆಟ್ಟಿಗೆ ನಮ್ಮ ಮನೆಗೆ ಬರಲು ಇದಿಷ್ಟೇ ಕಾರಣ.

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ನಾನು ಮದ್ದೂರಿನಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಗಂಡ ಮಂಡ್ಯದ ಒಂದು ಕಾಲೇಜಿನ ಆಫೀಸಿನಲ್ಲಿದ್ದಾರೆ. ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಹೊರಡುತ್ತೇವೆ. ನನ್ನನ್ನು ಮದ್ದೂರಿನಲ್ಲಿ ಇಳಿಸಿ ಅವರು ಮುಂದಕ್ಕೆ ಹೋಗುತ್ತಾರೆ, ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ. ಪೆಟ್ರೋಲ್ ಕಾರು ಇದ್ದಷ್ಟು ದಿನ ನನ್ನ ಸಂಬಳದ ದೊಡ್ಡ ಪಾಲು ಬಂಕಿಗೇ ಹೋಗುತ್ತಿತ್ತು. ಅದನ್ನು ಕೊಟ್ಟು, ಬೇರೆಯವರು ಬಳಸಿದ್ದ ಒಂದು ಕರೆಂಟು ಕಾರು ತಂದೆವು.

ಮೊದಮೊದಲು ಹೆದ್ದಾರಿಯ ಹೋಟೆಲುಗಳ ಮುಂದಿರುವ ಚಾರ್ಜರಿಗೆ ಹಾಕುತ್ತಿದ್ದೆವು. ಅಲ್ಲಿನ ದರ ಪೆಟ್ರೋಲಿಗಿಂತ ಕಡಿಮೆಯೇ. ಆದರೆ ಕಾಯುವ ಹೊತ್ತಿನಲ್ಲಿ ವಡೆ, ಕಾಫಿ ಎಂದು ಕೂತುಬಿಟ್ಟರೆ ಉಳಿದದ್ದು ಹೋಟೆಲಿನ ಗಲ್ಲಾಪೆಟ್ಟಿಗೆಗೆ ಹೋಗುತ್ತಿತ್ತು. ಮನೆಯಲ್ಲೇ ಚಾರ್ಜ್ ಮಾಡಿದರೆ ಖರ್ಚು ಅದರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ ಎಂದು ಗಂಡ ಲೆಕ್ಕ ಹೇಳಿದರು. ಅದು ನಿಜವೂ ಆಗಿತ್ತು. ಆದರೆ ನಾವು ಮನೆಗೆ ಬರುವ ಹೊತ್ತಿಗೆ ಊರಿನ ಕರೆಂಟು ಸೋತಿರುತ್ತಿತ್ತು. ಗದ್ದೆಯ ಮೋಟಾರುಗಳು ಓಡುವಾಗ ಮನೆಯ ಬಲ್ಬು ಕೆಂಪಗೆ ಕಾಣುತ್ತಿತ್ತು, ಕಾರಿನ ಚಾರ್ಜರು ಹತ್ತಿ ಹತ್ತಿ ಆರುತ್ತಿತ್ತು. ಕೊನೆಗೆ ಸೋಲಾರ್ ಹಾಕಿಸುವ ಮಾತು ಬಂತು. ಹಗಲಿನ ಬಿಸಿಲನ್ನು ಒಂದು ಬ್ಯಾಟರಿಯಲ್ಲಿ ತುಂಬಿಟ್ಟು ಸಂಜೆ ಕಾರಿಗೆ ಕೊಡುವುದು.

ನನ್ನ ಅತ್ತೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಾವ ತೀರಿಹೋದ ಮೇಲೆ ರೇಷ್ಮೆ ಹುಳ ಸಾಕುವುದನ್ನು ಅವರೇ ನಡೆಸಿಕೊಂಡು ಬಂದಿದ್ದಾರೆ. ನಮ್ಮ ಸಂಬಳಗಳಿಗೂ ಅವರ ರೇಷ್ಮೆಗೂಡಿನ ದುಡ್ಡಿಗೂ ಸಂಬಂಧವಿಲ್ಲ, ಅದು ಅವರದೇ.

"ಅಂಗಾರೆ ಬಿಸ್ಲ ಮೂಟೆ ಕಟ್ಟಿ ಮಡಿಕಂಡು ಸಂಜಿಕೆ ಕಾರ್‌ಗೆ ಉಣ್ಸದು ಅನ್ನು," ಎಂದರು ಮಗನಿಗೆ. "ನಮ್ ಎಮ್ಮೆನೂ ಇಂಗೇ ಕಣ್ಲಾ. ಒತ್ತಾರೆ ಮೇಯ್ಕಂಡು ಸಂಜಿಗಂಟ ಮೆಲುಕಾಕ್ತದೆ."

ಬ್ಯಾಟರಿಯ ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಡಿಸಬೇಕೆಂದು ಗಂಡನಿಗಿತ್ತು. ನಾನು ಬೇಡ ಎಂದೆ. ಫೋನಿನಲ್ಲಿ ಕರೆಂಟು ಸ್ಕೂಟರುಗಳು ನಿಂತಲ್ಲೇ ಹೊಗೆ ಬಿಡುವುದನ್ನು ನೋಡಿದ್ದೆ. ಮಲಗುವ ಜಾಗದ ಹತ್ತಿರ ಅಂಥದ್ದು ಇರಬಾರದು ಅನ್ನಿಸಿತ್ತು. ಉಳಿದದ್ದು ಹುಳದ ಮನೆ. ಮನೆಯ ಹಿಂದೆ, ಅಂಗಳ ದಾಟಿದರೆ ಸಿಗುವ ಉದ್ದನೆಯ ಕಟ್ಟಡ ಅದು. ದಪ್ಪ ಗೋಡೆ, ಎತ್ತರದ ಸೂರು, ಬೇಸಗೆಯಲ್ಲೂ ಒಳಗೆ ತಂಪು. ಸೋಲಾರ್ ಹಲಗೆಗಳನ್ನು ಅದರ ಸೂರಿನ ಮೇಲೇ ಜೋಡಿಸುವುದೆಂದು ಆಗಿದ್ದರಿಂದ ವೈರೂ ಕಡಿಮೆ ಸಾಕು. ಎಲ್ಲರಿಗೂ ಸರಿ ಎನ್ನಿಸಿತು.

ಪೆಟ್ಟಿಗೆ ಕೂರಿಸಿದ್ದು ಮಂಡ್ಯದ ಒಬ್ಬ ಮುಸ್ಲಿಂ ಮೆಕ್ಯಾನಿಕ್. ಅವರ ತಂದೆ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ ಇಟ್ಟಿದ್ದವರು, ನಮ್ಮ ಗದ್ದೆಯ ಮೋಟಾರು ಸುಟ್ಟಾಗಲೆಲ್ಲ ಅಲ್ಲಿಗೇ ಹೋಗುತ್ತಿತ್ತು. ಹಾಗಾಗಿ ಅತ್ತೆ ಇವರನ್ನು ಮಗ ಎಂದೇ ಕರೆಯುತ್ತಿದ್ದರು. ಅವರು ಬಂದಾಗ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗಿರಲಿಲ್ಲ. ಹುಳದ ಮನೆ ಖಾಲಿಯಾಗಿ, ಒಣಗಿ, ತಟ್ಟೆಗಳೆಲ್ಲ ಹೊರಗೆ ಬಿಸಿಲಿಗೆ ಬಿದ್ದಿದ್ದವು. ಅವರು ಸೂರನ್ನು ತಲೆಯೆತ್ತಿ ಬಹಳ ಹೊತ್ತು ನೋಡಿದರು. ಇಲ್ಲಿ ನೀರು ಬೀಳುತ್ತದೆಯೇ ಎಂದು ಕೇಳಿದರು. ಇಲ್ಲ, ಎಲ್ಲೂ ಸೋರುವುದಿಲ್ಲ ಎಂದು ಗಂಡ ಹೇಳಿದರು. ಸೋರುವುದಿಲ್ಲ ಎಂಬುದು ನಿಜ.

ಹೊರಗೋಡೆಗೆ, ಬಾಗಿಲ ಪಕ್ಕದಲ್ಲಿ, ಕೆಂಪು ಹಿಡಿಯ ಒಂದು ಸ್ವಿಚ್ಚು ಹಾಕಿದರು. ಏನಾದರೂ ಆದರೆ ಮೊದಲು ಅದನ್ನು ಇಳಿಸಬೇಕು ಎಂದು ನನ್ನ ಕೈಯಿಂದಲೇ ಎರಡು ಸಲ ಇಳಿಸಿ ಏರಿಸಿದರು. ಹೊರಡುವಾಗ ಪೆಟ್ಟಿಗೆಯ ಎರಡು ಪಕ್ಕದಲ್ಲಿದ್ದ ಸೀಳುಗಳನ್ನು ತೋರಿಸಿ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಅಕ್ಕ, ಇದುಕ್ಕೆ ಉಸ್ರು ಬೇಕು. ಮೇಲೆ ಏನೂ ಮಡಗ್ಬೇಡಿ, ಸೈಡಲ್ಲಿ ಏನೂ ಒತ್ತರಿಸ್ಬೇಡಿ."

ಮೊದಲ ಕೆಲವು ತಿಂಗಳು ಎಲ್ಲವೂ ಚೆನ್ನಾಗಿಯೇ ನಡೆಯಿತು. ಸಂಜೆ ಬಂದು ಕಾರಿಗೆ ಪ್ಲಗ್ ಚುಚ್ಚಿದರೆ ಹುಳದ ಮನೆಯೊಳಗಿಂದ ಸಣ್ಣ ಫ್ಯಾನಿನ ಸದ್ದು ಏಳುತ್ತಿತ್ತು. ಬಂಕು ಮರೆತುಹೋಯಿತು, ಹೆದ್ದಾರಿಯ ಚಾರ್ಜರೂ ಮರೆತುಹೋಯಿತು. ಗಂಡ ಸಿಕ್ಕವರಿಗೆಲ್ಲ ಕಾರು ಬಿಸಿಲಿನಲ್ಲಿ ಓಡುತ್ತದೆ ಎಂದು ಹೇಳಿಕೊಂಡು ಬರುತ್ತಿದ್ದರು. ನನಗೆ ಮಾತ್ರ ಆ ಫ್ಯಾನಿನ ಸದ್ದು ಹಿಡಿಸಲಿಲ್ಲ. ಅದು ನಿಂತಾಗ ಯಾಕೆ ನಿಂತಿತು ಎಂದು ಕಿವಿಗೊಡುತ್ತಿದ್ದೆ, ಶುರುವಾದಾಗ ಯಾಕೆ ಶುರುವಾಯಿತು ಎಂದು ಕಿವಿಗೊಡುತ್ತಿದ್ದೆ.

ರೇಷ್ಮೆ ಸಾಕದವರಿಗೆ ಒಂದು ವಿಷಯ ಹೇಳಬೇಕು. ಒಂದು ಬೆಳೆಯ ಗೂಡು ಮಾರಾಟವಾದ ಮೇಲೆ, ಮುಂದಿನ ಹುಳ ತರುವ ಮೊದಲು, ಹುಳದ ಮನೆಯನ್ನು ಸೂರಿನಿಂದ ನೆಲದವರೆಗೆ ತೊಳೆಯುತ್ತೇವೆ. ಬ್ಲೀಚಿಂಗ್ ಪುಡಿ, ಸುಣ್ಣ ಕಲಸಿದ ನೀರನ್ನು ಸ್ಪ್ರೇಯರಿನಿಂದ ಗೋಡೆ, ಜಂತಿ, ಮೂಲೆ ಎಲ್ಲ ಕಡೆ ಹೊಡೆದು, ಬಾಗಿಲು ಹಾಕಿ ಬಿಡುತ್ತೇವೆ. ಹಾಗೆ ಮಾಡದಿದ್ದರೆ ಹಳೆಯ ರೋಗ ಹೊಸ ಹುಳಕ್ಕೆ ಅಂಟುತ್ತದೆ. ಕಣ್ಣು ಉರಿಯುವಷ್ಟು ಘಾಟು ಒಳಗೆ ನಿಂತಿರುತ್ತದೆ. ಮೆಕ್ಯಾನಿಕ್ ಕೇಳಿದಾಗ ನಮ್ಮ ಯಾರ ತಲೆಗೂ ಇದು ಬರಲಿಲ್ಲ. ನೀರು ಬೀಳುವುದು ನಮ್ಮ ಲೆಕ್ಕದಲ್ಲಿ ಬೇರೆ, ಮನೆ ತೊಳೆಯುವುದು ಬೇರೆ.

ಅತ್ತೆ ಅಜಾಗರೂಕತೆಯ ಹೆಂಗಸಲ್ಲ. ಔಷಧಿ ಹೊಡೆಯುವಾಗ ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು, ಮುಗಿದ ಮೇಲೆ ಬಿಚ್ಚುತ್ತಿದ್ದರು. ನೀರು ಒಳಗೆ ಹೋಗುತ್ತಿರಲಿಲ್ಲ. ಘಾಟು ಹೋಗುತ್ತಿತ್ತು.

ಆ ಬೇಸಗೆಯ ಬೆಳೆಯಲ್ಲಿ ಒಂದು ದಿನ ಪೆಟ್ಟಿಗೆಯ ಸೀಳಿನೊಳಕ್ಕೆ ಫೋನಿನ ಟಾರ್ಚು ಬಿಟ್ಟು ನೋಡಿದೆ. ದಪ್ಪ ವೈರು ಕೂಡುವ ಬೋಲ್ಟಿನ ಸುತ್ತ ಹಸಿರು ನೀಲಿ ಬಣ್ಣದ ಪುಡಿ ಕಟ್ಟಿತ್ತು, ತೊಳೆಯದೆ ಬಿಟ್ಟ ತಾಮ್ರದ ಚೊಂಬಿನ ಕಿಲುಬಿನ ಹಾಗೆ. ಗಂಡನಿಗೆ ತೋರಿಸಿದೆ. ಅವರು ಮೆಕ್ಯಾನಿಕ್‌ಗೆ ಫೋನು ಮಾಡಿದರು. ನಾಳೆಯೇ ಬರುತ್ತೇನೆ ಎಂದು ಆ ಕಡೆಯಿಂದ ಉತ್ತರ ಬಂತು. ಅದಕ್ಕೆ ಅತ್ತೆ ಒಪ್ಪಲಿಲ್ಲ.

"ಉಳ ಎದ್ದವೆ. ಈಗ ಒರಗ್ನೋರು ಒಳಕ್ ಬರಂಗಿಲ್ಲ. ಗೂಡಾದ್ಮೇಲೆ ಬರ್ಲಿ."

ಇದು ಅವರೊಬ್ಬರ ಹಟವಲ್ಲ, ನಮ್ಮ ಕಡೆ ಎಲ್ಲರೂ ಹಾಗೇ. ಹುಳ ಮೇಯುತ್ತಿರುವಾಗ ಹೊರಗಿನವರ ಕಾಲಿನ ಧೂಳು, ಬಟ್ಟೆಯ ಸೆಂಟಿನ ವಾಸನೆ, ಏನು ಬೇಕಾದರೂ ಬೆಳೆ ಕೆಡಿಸಬಹುದು. ಮನೆಯವರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಿನ ಬೋಗುಣಿಯಲ್ಲಿ ಪಾದ ಅದ್ದಿಯೇ ಒಳಗೆ ಹೋಗುವುದು. ಗೂಡಾಗುವವರೆಗೆ ಕಾಯುವುದೆಂದು ತೀರ್ಮಾನವಾಯಿತು.

ಆಮೇಲೆ ಸೆಕೆ ಏರಿತು. ಪೆಟ್ಟಿಗೆಯ ಪಕ್ಕದ ಸ್ಟ್ಯಾಂಡಿನ ತಟ್ಟೆಗಳಲ್ಲಿ ಸೊಪ್ಪು ಬೇಗ ಬಾಡುತ್ತಿತ್ತು. ಅದರ ಸೀಳಿನಿಂದ ಬರುವ ಬಿಸಿ ಗಾಳಿ ನೇರ ಆ ತಟ್ಟೆಗಳಿಗೇ ಹೊಡೆಯುತ್ತಿತ್ತು. ಬೇಸಗೆಯಲ್ಲಿ ಹುಳದ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ತಾಟು ಇಳಿಬಿಡುವುದು ವಾಡಿಕೆ, ಒಳಗೆ ತಂಪಾಗಲಿ ಎಂದು. ಅತ್ತೆ ಒಂದು ಗೋಣಿ ತಾಟನ್ನು ಪೆಟ್ಟಿಗೆಯ ಮೇಲೂ ಹೊದಿಸಿದರು. ನಾನು ತೆಗೆದೆ. ಸಂಜೆ ಬಂದು ನೋಡಿದರೆ ಮತ್ತೆ ಹೊದಿಸಿತ್ತು. ಮಾರನೆಯ ದಿನವೂ ಹಾಗೇ ಆಯಿತು. ಅದಕ್ಕೆ ಉಸಿರು ಬೇಕಂತೆ ಎಂದು ಮೆಕ್ಯಾನಿಕ್ ಹೇಳಿದ್ದನ್ನು ನೆನಪಿಸಿದೆ.

"ನನ್ ಉಳಕ್ಕೆ ಬ್ಯಾಡ್ವಾ ಉಸ್ರು?" ಎಂದರು.

ಅವು ಜೀವ, ಇದು ಪೆಟ್ಟಿಗೆ. ಆ ವಾರ ನಾನು ದಿನಾ ಎದ್ದ ಕೂಡಲೇ ಹುಳದ ಮನೆಯ ಹೊರಗೋಡೆಗೆ, ಪೆಟ್ಟಿಗೆ ಇದ್ದ ಕಡೆಗೆ, ಅಂಗೈ ಇಟ್ಟು ನೋಡುತ್ತಿದ್ದೆ. ತಂಪಾಗಿಯೇ ಇರುತ್ತಿತ್ತು. ದಪ್ಪ ಗೋಡೆ, ಒಳಗಿನದು ಹೊರಗೆ ತಿಳಿಯುವುದಿಲ್ಲ ಎಂದು ಆಗ ಹೊಳೆದಿರಲಿಲ್ಲ.

ಅದು ನಡೆದದ್ದು ಒಂದು ಭಾನುವಾರ ಮಧ್ಯಾಹ್ನ. ಲ್ಯಾಬಿನಲ್ಲಿ ನಮಗೆ ಕಂಡದ್ದನ್ನು ಮಾತ್ರ ಬರೆಯಬೇಕೆಂದು ಕಲಿಸುತ್ತಾರೆ, ಅಂದುಕೊಂಡದ್ದನ್ನಲ್ಲ. ಇಲ್ಲೂ ಹಾಗೇ ಬರೆಯಲು ಪ್ರಯತ್ನಿಸುತ್ತೇನೆ.

ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದನ್ನು, ಮುಗಿಸಿ ಎದ್ದು, ಹೊಟ್ಟೆ ತುಂಬ ತಿಂದು, ಬೆರಳಿನ ಗಾತ್ರಕ್ಕೆ ಬಂದಿದ್ದವು. ನಾಳೆ ಹಣ್ಣಾಗುತ್ತವೆ ಎಂದು ಅತ್ತೆ ಬೆಳಿಗ್ಗೆಯೇ ಹೇಳಿದ್ದರು. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು, ಬಿದಿರಿನ ದೊಡ್ಡ ಚಾಪೆಯಂಥ ಅದರ ಸುರುಳಿಗಳಲ್ಲೇ ಅವು ಗೂಡು ಕಟ್ಟುವುದು. ನಮ್ಮಲ್ಲಿದ್ದ ಚಂದ್ರಿಕೆ ಸಾಲುವಂತಿರಲಿಲ್ಲ. ಮಳವಳ್ಳಿಯಲ್ಲಿರುವ ನಾದಿನಿಯ ಮನೆಯಿಂದ ತರಲು ನನ್ನ ಗಂಡ ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ಹೋಗಿದ್ದರು. ಕಾರು ಅಂಗಳದಲ್ಲಿತ್ತು, ಬೆಳಿಗ್ಗೆಯಿಂದ ಬಿಸಿಲಿನಲ್ಲೇ ಚಾರ್ಜ್ ಆಗುತ್ತಿತ್ತು. ಅದು ಎಂದಿಗಿಂತ ನಿಧಾನವಾಗಿ ಏರುತ್ತಿದೆ ಎಂಬುದನ್ನು ಗಮನಿಸಿದ್ದೆ. ಬಿಸಿಲು ಮಂಕಾಗಿಲ್ಲವಲ್ಲ ಎಂದುಕೊಂಡೆ, ಅಷ್ಟೆ.

ನಾನು ಒಗೆಯುವ ಕಲ್ಲಿನ ಹತ್ತಿರ ಇದ್ದೆ. ಒಂದು ವಾಸನೆ ಬಂತು. ಸಿಹಿ ವಾಸನೆ, ಉಗುರುಬಣ್ಣದ ಶೀಸೆ ತೆರೆದ ಹಾಗೆ. ಲ್ಯಾಬಿನಲ್ಲಿ ಅಂಥ ವಾಸನೆಯ ಶೀಸೆಗಳಿವೆ, ಆದ್ದರಿಂದ ಮೊದಲು ನನ್ನ ಕೈಯನ್ನೇ ಮೂಸಿಕೊಂಡೆ. ಕೈಯಲ್ಲಿ ಸೋಪಿನ ವಾಸನೆಯಿತ್ತು. ಆಮೇಲೆ ಸದ್ದು ಕೇಳಿಸಿತು. ಕಾದ ಹಂಚಿಗೆ ನೀರು ಚಿಮುಕಿಸಿದರೆ ಚುಯ್ ಎನ್ನುತ್ತದಲ್ಲ, ಅದೇ ಸದ್ದು. ಆದರೆ ಹಂಚಿನ ಸದ್ದು ನಿಲ್ಲುತ್ತದೆ. ಇದು ನಿಲ್ಲಲಿಲ್ಲ.

ಓಡಿದೆ. ಹುಳದ ಮನೆಯ ಜಾಲರಿ ಬಾಗಿಲಿನ ಕೆಳಗಿನಿಂದ ಬೆಳ್ಳಗೆ ಏನೋ ಹರಿದು ಬರುತ್ತಿತ್ತು. ಹೊಗೆ ಮೇಲಕ್ಕೆ ಏಳುತ್ತದೆ. ಇದು ನೆಲ ಹಿಡಿದುಕೊಂಡು, ಹಾಲು ಉಕ್ಕಿ ಹರಿದಂತೆ ಬರುತ್ತಿತ್ತು. ಕೆಂಪು ಹಿಡಿಯನ್ನು ಇಳಿಸಿದೆ. ಅಂಗಳದಲ್ಲಿ ಕಾರಿನ ಚಾರ್ಜರು ಟಕ್ ಎಂದು ನಿಂತಿತು. ಒಳಗಿನ ಸದ್ದು ನಿಲ್ಲಲಿಲ್ಲ. ಸ್ವಿಚ್ಚು ಹೊರಗಿನಿಂದ ಬರುವುದನ್ನು ತಡೆಯುತ್ತದೆ. ಆಗಲೇ ಒಳಗೆ ತುಂಬಿಕೊಂಡಿರುವ ಬಿಸಿಲಿಗೆ ಸ್ವಿಚ್ಚು ಇರಲಿಲ್ಲ.

ಅತ್ತೆ ಒಳಗಿದ್ದರು.

ಬಾಗಿಲು ತೆರೆದೆ. ಅವರು ಸೆರಗನ್ನು ಮೂಗಿಗೆ ಹಿಡಿದು, ದೂರದ ಸ್ಟ್ಯಾಂಡಿನಿಂದ ಒಂದು ತಟ್ಟೆ ಎಳೆದುಕೊಳ್ಳುತ್ತಿದ್ದರು. ಪೆಟ್ಟಿಗೆಯ ಮೇಲಿನ ಗೋಣಿ ತಾಟಿನ ನೇಯ್ಗೆಯ ಪ್ರತಿ ಸಂದಿನಿಂದಲೂ ಬೆಳ್ಳನೆಯ ಎಳೆ ಬರುತ್ತಿತ್ತು. ಬೆಂಕಿ ಕಾಣಲಿಲ್ಲ. ಹೊರಗೆ ಬನ್ನಿ ಎಂದು ಕೂಗಿದೆ. ಅವರು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ತೆರೆದಿದ್ದ ಬಾಗಿಲನ್ನು ನೋಡಿದರು.

"ಬಾಗ್ಲಾಕು. ಊಜಿ ನೊಣ ಬತ್ತದೆ."

ಊಜಿ ನೊಣ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ. ಆ ನೊಣದ ಮರಿ ನಮ್ಮ ಹುಳವನ್ನು ಒಳಗಿನಿಂದ ತಿಂದು ಹೊರಬರುತ್ತದೆ. ಅದಕ್ಕೆಂದೇ ಬಾಗಿಲು, ಕಿಟಕಿ ಎಲ್ಲಕ್ಕೂ ಜಾಲರಿ. ಇಷ್ಟು ವರ್ಷ ಯಾರೇ ಆ ಬಾಗಿಲನ್ನು ತೆರೆದು ನಿಂತರೂ ಅವರು ಹೇಳುತ್ತಿದ್ದ ಮಾತು ಅದು. ಈಗಲೂ ಅದನ್ನೇ ಹೇಳಿದರು, ಅದೇ ದನಿಯಲ್ಲಿ. ನಾನು ಹೇಳುವುದನ್ನು ಯಾರೂ ನಂಬುವುದಿಲ್ಲ, ಆದರೆ ನನ್ನ ಕೈ ಬಾಗಿಲನ್ನು ಅರ್ಧ ಮುಚ್ಚಿತ್ತು.

ತಟ್ಟೆ ತಂದು ನನ್ನ ಕೈಗಿಟ್ಟರು. ಹೊರಗಿಟ್ಟೆ. ತಿರುಗುವಷ್ಟರಲ್ಲಿ ಇನ್ನೊಂದಕ್ಕೆ ಹೋಗಿದ್ದರು. ಹಿಂದೆ ಹೋಗಿ ತೋಳು ಹಿಡಿದೆ. ಗಂಟಲಿಗೆ ಮೆಣಸಿನಕಾಯಿ ಸುಟ್ಟ ಹಾಗಾಯಿತು, ಕಣ್ಣು ಬಿಡಲಾಗಲಿಲ್ಲ.

"ನಾಳಿಕ್ ಅಣ್ಣಾಯ್ತವೆ ಕಣಮ್ಮಿ. ಇವತ್ತು ಬುಟ್ಬುಟ್ಟು ಬಾ ಅಂತೀಯಾ?"

ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಏನೋ ಒಡೆಯಿತು. ದೊಡ್ಡ ಸದ್ದೇನಲ್ಲ, ತೆಂಗಿನಕಾಯಿ ಒಡೆದಷ್ಟು. ಗೋಣಿ ತಾಟು ಒಮ್ಮೆ ಉಬ್ಬಿ ಇಳಿಯಿತು. ಬೆಳ್ಳನೆಯದು ಸೊಂಟದವರೆಗೆ ಏರಿತು. ಅತ್ತೆ ಕೆಮ್ಮುತ್ತಾ ಕುಕ್ಕರಿಸಿದರು, ತಟ್ಟೆ ಮಗುಚಿ ಹುಳವೆಲ್ಲ ಅವರ ಸೀರೆಯ ಮೇಲೆ ಚೆಲ್ಲಿದವು. ಎರಡೂ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದುಕೊಂಡು ಬಂದೆ. ಹೊಸ್ತಿಲು ದಾಟುವಾಗ ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಬಿಡಿಸಿದೆ.

ಪಕ್ಕದ ಮನೆಯಾಕೆ ಕೊಡದಲ್ಲಿ ನೀರು ಹಿಡಿದು ಓಡಿ ಬಂದರು. ಕರೆಂಟಿನ ಪೆಟ್ಟಿಗೆಗೆ ನೀರು ಸುರಿದರೆ ಏನಾಗುತ್ತದೋ ನನಗೆ ತಿಳಿಯದು, ತಿಳಿಯದ್ದನ್ನು ಮಾಡುವುದು ಬೇಡ ಎಂದು ತಡೆದೆ. ಹೊರಗಿನಿಂದಲೇ ಕಿಟಕಿಯ ಜಾಲರಿಗಳನ್ನು ಕಿತ್ತುಬಿಡಿ ಎಂದೆ. ಆಕೆ ದೊಣ್ಣೆಯಿಂದ ಒಂದೊಂದೇ ಕಿತ್ತರು. ಅತ್ತೆ ಅಂಗಳದ ಮಣ್ಣಿನಲ್ಲಿ ಕೂತು ಅದನ್ನು ನೋಡುತ್ತಿದ್ದರು, ಬೇಡ ಎಂದು ಕೈಯಾಡಿಸುತ್ತಿದ್ದರು. ಮಾತು ಬರುತ್ತಿರಲಿಲ್ಲ. ಉಸಿರು ಎಳೆದುಕೊಳ್ಳುವಾಗ ಎದೆಯೊಳಗೆ ಸಣ್ಣ ಸಿಳ್ಳು ಹಾಕಿದಂತೆ ಕೇಳುತ್ತಿತ್ತು.

ಆಂಬುಲೆನ್ಸಿಗೆ ಫೋನು ಮಾಡಿದೆ. ಬರುತ್ತದೆ, ಆದರೆ ದೂರದಿಂದ ಬರಬೇಕು ಎಂದರು. ಗೂಡ್ಸ್ ಆಟೋ ಮಳವಳ್ಳಿಯಲ್ಲಿತ್ತು. ಸಿಳ್ಳು ಜೋರಾಗುತ್ತಿತ್ತು. ಅಂಗಳದಲ್ಲಿ ನಮ್ಮ ಕಾರಿತ್ತು. ಪ್ಲಗ್ ಕಿತ್ತೆ. ಚಾರ್ಜು ಕಾಲು ಭಾಗಕ್ಕೂ ಕಡಿಮೆ ತೋರಿಸುತ್ತಿತ್ತು, ಮದ್ದೂರಿಗೆ ಹೋಗಲು ಸಾಕು.

ಹಿಂದಿನ ಬಾಗಿಲು ತೆರೆದು ಅತ್ತೆಯನ್ನು ಎಬ್ಬಿಸಿದೆವು. ಅವರು ಕಾರನ್ನು ನೋಡಿ ನಿಂತುಬಿಟ್ಟರು. ಒಂದೊಂದೇ ಮಾತನ್ನು ಎಳೆದು ಎಳೆದು ಕೇಳಿದರು.

"ಇದ್ರೊಳಗೂ ಅದೇ ತಾನೆ ಇರಾದು?"

"ಹೂಂ ಅತ್ತೆ. ಅದೇ."

ಸುಳ್ಳು ಹೇಳಬಹುದಿತ್ತು. ಬರಲಿಲ್ಲ. ಅವರು ತಲೆ ಬಗ್ಗಿಸಿ ಒಳಗೆ ಹತ್ತಿ ಕೂತರು. ಪಕ್ಕದ ಮನೆಯಾಕೆ ಅವರನ್ನು ಹಿಡಿದುಕೊಂಡು ಕೂತರು.

ಆ ದಾರಿಯಲ್ಲಿ ಎಷ್ಟೋ ಸಾವಿರ ಸಲ ಓಡಾಡಿದ್ದೇನೆ. ಅಂದು ನನಗೆ ಗೊತ್ತಿದ್ದದ್ದು ಒಂದೇ. ಹುಳದ ಮನೆಯಲ್ಲಿ ಸಿಡಿದ ಪೆಟ್ಟಿಗೆಗಿಂತ ಎಷ್ಟೋ ದೊಡ್ಡ ಬ್ಯಾಟರಿ ನಮ್ಮ ಮೂವರ ಪಾದದ ಕೆಳಗೆ ಉದ್ದಕ್ಕೂ ಮಲಗಿದೆ. ಕಿಟಕಿಗಳನ್ನೆಲ್ಲ ಇಳಿಸಿದ್ದೆ. ಆದರೂ ಆ ಸಿಹಿ ವಾಸನೆ ಕಾರಿನೊಳಗೆ ಇತ್ತು. ಅದು ನಮ್ಮ ಬಟ್ಟೆಗೆ ಹಿಡಿದ ವಾಸನೆಯೋ, ಸೀಟಿನ ಕೆಳಗಿನಿಂದ ಬರುತ್ತಿರುವುದೋ ಹೇಳುವಂತಿರಲಿಲ್ಲ. ಎಕ್ಸಲರೇಟರ್ ಒತ್ತಲು ಹೆದರಿಕೆ, ಒತ್ತದಿರಲು ಹೆದರಿಕೆ. ಕರೆಂಟು ಕಾರಿನಲ್ಲಿ ಎಂಜಿನ್ ಸದ್ದಿಲ್ಲ. ಹಾಗಾಗಿ ಹಿಂದಿನ ಸೀಟಿನ ಸಿಳ್ಳು ಉದ್ದಕ್ಕೂ ಕೇಳುತ್ತಿತ್ತು.

ನಾಲೆಯ ಸೇತುವೆ ದಾಟಿದ ಮೇಲೆ ಸಿಳ್ಳು ನಿಂತಿತು.

ಕಾರು ಬದಿಗೆ ಹಾಕಿ ತಿರುಗಿ ನೋಡಿದೆ. ಅತ್ತೆಯ ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು. ಎದೆ ಸಣ್ಣಗೆ ಏಳುತ್ತಿತ್ತು. ಅವರ ತುಟಿ ನೀಲಿಗೆ ತಿರುಗಿತ್ತು. ರಕ್ತದ ಕೆಲಸ ಮಾಡುವವಳು ನಾನು, ಆ ಬಣ್ಣದ ಅರ್ಥ ನನಗೆ ಗೊತ್ತು. ಕಾರಿನಿಂದ ಇಳಿದು, ನೆಲಕ್ಕೆ ಬಗ್ಗಿ, ಕಾರಿನ ಅಡಿಗೆ ಅಂಗೈ ಒಡ್ಡಿದೆ. ರಸ್ತೆಯ ಕಾವು ಬಿಟ್ಟು ಬೇರೇನೂ ಇರಲಿಲ್ಲ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಬಿಸಿಯಾಗಿದ್ದರೂ ಅದೇ ಕಾರಿನಲ್ಲೇ ಹೋಗಬೇಕಿತ್ತು. ಪಕ್ಕದ ಮನೆಯಾಕೆ ಹಿಂದಿನಿಂದ ಒಂದೇ ಮಾತು ಹೇಳಿದರು.

"ಓಡ್ಸವ್ವಾ ನೀನು. ಕೆಳಗೆ ಏನಾದ್ರೂ ಇರ್ಲಿ."

ಓಡಿಸಿದೆ. ಮದ್ದೂರಿನ ಆಸ್ಪತ್ರೆಯಲ್ಲಿ ಅತ್ತೆಗೆ ಆಕ್ಸಿಜನ್ ಹಾಕಿದರು. ಎಂಥ ಹೊಗೆ ಎಂದು ಕೇಳಿದಾಗ ನಾನು ವಾಸನೆ, ಬಣ್ಣ, ಅದು ನೆಲ ಹಿಡಿದು ಹರಿದ ರೀತಿ ಎಲ್ಲ ಕ್ರಮವಾಗಿ ಹೇಳಿದೆನಂತೆ. ನನಗೆ ನೆನಪಿಲ್ಲ. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದರು. ಮಂಡ್ಯದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನ್ನ ಕಾಲಲ್ಲಿ ಚಪ್ಪಲಿ ಇಲ್ಲದ್ದು ಕಂಡಿತು. ಪಾದ ಎರಡೂ ಕಣಕಾಲಿನವರೆಗೆ ಬೆಳ್ಳಗೆ ಒಣಗಿ ಬಿರಿದಿತ್ತು. ಹೊಗೆಯೊಳಕ್ಕೆ ಓಡುವಾಗಲೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬೋಗುಣಿಯಲ್ಲಿ ಕಾಲು ಅದ್ದಿಯೇ ಒಳಗೆ ಹೋಗಿದ್ದೆ.

ಗಂಡ ಮಳವಳ್ಳಿಯಿಂದ ನೇರ ಆಸ್ಪತ್ರೆಗೇ ಬಂದರು. ಗೂಡ್ಸ್ ಆಟೋದ ಮೇಲೆ ಚಂದ್ರಿಕೆಗಳು ಇನ್ನೂ ಹಗ್ಗ ಬಿಗಿದಂತೆಯೇ ಇದ್ದವು. ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಅದು ಏನು ಸಾಮಾನು ಎಂದು ಕೇಳುತ್ತಿದ್ದ. ಇವರು ಹಗ್ಗದ ಗಂಟು ಹಿಡಿದುಕೊಂಡು ಆಟೋ ಪಕ್ಕದಲ್ಲೇ ನಿಂತಿದ್ದರು. ನಾನೇ ಹೋಗಿ, ಅಮ್ಮ ಇದ್ದಾರೆ, ಮಾತಾಡುವುದಿಲ್ಲ, ಆದರೆ ಇದ್ದಾರೆ ಎಂದೆ.

ಅತ್ತೆಗೆ ಮಾತು ಬಂದದ್ದು ಮೂರ್ನಾಲ್ಕು ದಿನದ ಮೇಲೆ. ಮೊದಲು ಕೇಳಿದ್ದು ಹುಳವನ್ನು. ಪಕ್ಕದ ಮನೆಯಾಕೆ ಹೇಳಿದ್ದನ್ನೇ ನಾವು ಹೇಳಿದೆವು. ಪೆಟ್ಟಿಗೆಗೆ ಬೆಂಕಿ ಹತ್ತಿರಲಿಲ್ಲ, ಸಂಜೆಯವರೆಗೆ ಹೊಗೆ ಬಿಟ್ಟು ತಾನೇ ಸುಮ್ಮನಾಗಿತ್ತು. ಒಳಗಿನ ಹುಳ ತಲೆಯೆತ್ತಿ ಆಡಿಸುತ್ತಾ, ಹಸಿರು ನೀರು ಕಾರಿಕೊಂಡು ಸತ್ತಿದ್ದವು. ಅಂಗಳಕ್ಕೆ ತಂದಿಟ್ಟ ಒಂದು ತಟ್ಟೆಗೆ ಕಾಗೆ ಬಿದ್ದಿತ್ತು. ಆದರೂ ಅದರಲ್ಲಿ ಅರ್ಧ ಉಳಿದಿದ್ದವು. ಕೇರಿಯ ಹೆಂಗಸರು ಅವನ್ನು ಆರಿಸಿ ಚಂದ್ರಿಕೆಗೆ ಬಿಟ್ಟಿದ್ದರು, ಗೂಡು ಕಟ್ಟಿದ್ದವು. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಸತ್ತ ಅಷ್ಟೂ ಹುಳವನ್ನು ಸುಣ್ಣ ಹಾಕಿ ಹೂಳಿ ಎಂದಷ್ಟೇ ಹೇಳಿದರು.

ಮೆಕ್ಯಾನಿಕ್ ಸುದ್ದಿ ಕೇಳಿದ ದಿನವೇ ಬಂದಿದ್ದರು. ಹುಳವಿಲ್ಲದ ಹುಳದ ಮನೆಯ ಬಾಗಿಲಲ್ಲೂ ಶೂ ಬಿಚ್ಚಿ ನಿಂತರು. ಗೋಣಿ ತಾಟು ಒಂದು ಕಡೆ ಕಂದಿ, ಸುಣ್ಣ ಬ್ಲೀಚಿಂಗ್ ಕುಡಿದು ಹಲಗೆಯಂತೆ ಗಟ್ಟಿಯಾಗಿತ್ತು. ಅದನ್ನು ಎತ್ತಿ ಬೋಲ್ಟುಗಳನ್ನು ನೋಡಿದರು. ಕಿಲುಬು ಕಟ್ಟಿದ ಜಾಗ ಕಾದು ಕಾದು, ಮೇಲೆ ಹೊದಿಕೆ ಇದ್ದದ್ದರಿಂದ ಕಾವು ಹೊರಗೆ ಹೋಗದೆ ಹೀಗಾಗಿದೆ ಎಂದರು. ಗೋಡೆಗಳನ್ನು, ಜಂತಿಗಳನ್ನು ನೋಡಿದರು. ಎಲ್ಲ ಕಡೆ ಬಿಳಿ ಹರಳು ಕಟ್ಟಿತ್ತು. ಆಗ ನಾನು ಬೆಳೆ ಬೆಳೆಗೂ ತೊಳೆಯುವ ಸಂಗತಿ ಹೇಳಿದೆ.

"ನಾನು ಕೇಳಿದ್ದು ಮಳೆ ನೀರು ಅಕ್ಕ," ಎಂದರು. ಗೋಡೆಯ ಹರಳನ್ನು ಉಗುರಿನಿಂದ ಕೆರೆದು, "ಇದು ನಂಗೆ ಕೇಳಕ್ಕೆ ಗೊತ್ತಾಗಿಲ್ಲ," ಎಂದರು. ಸೂರಿನ ಮೇಲೆ ಹಲಗೆಗಳು ಬಿಸಿಲು ಕಾಯುತ್ತಾ ಇದ್ದವು.

ಹಲವು ತಿಂಗಳು ಕಾರನ್ನು ಊರಿನ ಕರೆಂಟಿಗೇ ಹಾಕಿದೆವು. ಸಿಕ್ಕಷ್ಟು ಸಿಗುತ್ತಿತ್ತು, ಸಿಗದ ದಿನ ನಾನು ಬಸ್ಸಿಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ನನಗೆ ನೆಮ್ಮದಿಯಿತ್ತು. ಬ್ಯಾಟರಿಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮತ್ತೆ ಎತ್ತಿದ್ದು ಅತ್ತೆಯೇ. ದಿನಾ ಸೂರಿನ ಮೇಲಿನ ಬಿಸಿಲು ಯಾರಿಗೂ ಆಗದೆ ಹೋಗುತ್ತಿದೆಯಲ್ಲ ಎಂದರು. ಬೇಡವೇ ಬೇಡ ಎಂದೆ ನಾನು. ಅವರ ದನಿ ಅಂದಿನಿಂದ ಒಡೆದೇ ಇದೆ. ಆ ದನಿಯಲ್ಲಿ ಮಾತಾಡುವಾಗ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ.

"ಬೆಂಕಿ ಐತೆ ಅಂತ ಒಲೆ ಕಿತ್ತಾಕ್ತಾರಾ? ಒಲೆ ಇರೋ ತಾವ ಇರ್ಬೇಕು."

ಹೊಸ ಪೆಟ್ಟಿಗೆಗೆ ಈಗ ಅದರದೇ ಒಂದು ಗೂಡಿದೆ. ಮನೆಗೂ ಹುಳದ ಮನೆಗೂ ದೂರ, ಹಿತ್ತಲಿನ ಕೊನೆಯಲ್ಲಿ. ತೆಳು ಇಟ್ಟಿಗೆ ಗೋಡೆ, ಎರಡು ಕಡೆ ಗಾಳಿಗೆ ತೂತು ಬಿಟ್ಟ ಇಟ್ಟಿಗೆ, ಮೇಲೆ ಶೀಟು. ಅದರ ಒಳಗೆ ಬೇರೇನೂ ಇಲ್ಲ, ಸುತ್ತ ಒಂದು ಕಡ್ಡಿಯನ್ನೂ ಇಡಲು ಅತ್ತೆ ಬಿಡುವುದಿಲ್ಲ. ಹುಳದ ಮನೆ ತೊಳೆಯುವ ದಿನ ಗಾಳಿ ಯಾವ ಕಡೆಗಿದೆ ನೋಡಿಕೊಂಡೇ ಬಾಗಿಲು ತೆಗೆಯುತ್ತಾರೆ. ಖರ್ಚು ಮತ್ತೆ ಇಳಿದಿದೆ. ಗಂಡ ಈಗ ಅದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ.

ಸಂಜೆ ನಾವು ಬರುವ ಹೊತ್ತಿಗೆ ಅತ್ತೆ ಹಿತ್ತಲಿಗೆ ಹೋಗುತ್ತಾರೆ. ಮೂರು ಸಲ ನಿಂತು ಉಸಿರು ತೆಗೆದುಕೊಂಡು ಹೋಗಬೇಕು ಅಷ್ಟು ದೂರಕ್ಕೆ. ಹುಳದ ಮನೆಯ ಸೆಕೆ ನೋಡಲು ತಟ್ಟೆಯ ಮೇಲೆ ಕೈ ಹಿಡಿಯುತ್ತಾರಲ್ಲ, ಹಾಗೆಯೇ ಆ ಗೂಡಿನ ಗೋಡೆಗೆ ಅಂಗೈ ಇಡುತ್ತಾರೆ. ಬಹಳ ಹೊತ್ತು ಇಡುತ್ತಾರೆ. ಎದೆಯ ಸಿಳ್ಳು ನನಗೆ ಕಾರಿನ ಹತ್ತಿರಕ್ಕೂ ಕೇಳುತ್ತದೆ, ಅಥವಾ ಕೇಳುತ್ತದೆ ಎಂದು ನಾನು ಅಂದುಕೊಳ್ಳುತ್ತೇನೆ. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕಡೆ ತಿರುಗಿ, ತಣ್ಣಗದೆ ಎನ್ನುತ್ತಾರೆ.

ಅವರು ಅಷ್ಟು ಹೇಳುವವರೆಗೆ ಪ್ಲಗ್ ನನ್ನ ಕೈಯಲ್ಲೇ ಇರುತ್ತದೆ.